ಮಡಗಾಂವ್‌ನಲ್ಲಿ ಬಾಡಿಗೆ ಮನೆ: ಮೊದಲು ಮಳೆ ನೋಡಿ, ಆಮೇಲೆ ಬಾಡಿಗೆ ಕೇಳಿ

ಹುಬ್ಬಳ್ಳಿ, ಗದಗ, ಬೆಳಗಾವಿ ಕಡೆಯ ಯಾರಿಗಾದರೂ ಗೋವಾದಲ್ಲಿ, ಮಡಗಾಂವ್ ಹತ್ತಿರದ ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ಕೆಲಸ ಸಿಕ್ಕಿತು ಅಂದರೆ ಸ್ವಲ್ಪ ದಿನದಲ್ಲೇ ನನಗೊಂದು ಮೆಸೇಜ್ ಬರುತ್ತದೆ. ‘ಅಕ್ಕಾರ, ನೀವು ಮಡಗಾಂವ್‌ದಾಗ ಇದ್ದೀರಂತ. ಒಂದು ಟೂ ಬಿಎಚ್‌ಕೆ ನೋಡ್ರಿ, ಬಾಡಿಗಿ ಕಡಿಮಿ ಇರ್ಲಿ.’ ನಾನು ಬ್ರೋಕರ್ ಅಲ್ಲ. ಇಲ್ಲಿನ ಒಂದು ಶಾಲೆಯ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮ ಮನೆಯವರು ವೆರ್ಣಾದ ಒಂದು ಔಷಧಿ ಫ್ಯಾಕ್ಟರಿಯಲ್ಲಿದ್ದಾರೆ. ಧಾರವಾಡದವಳು, ಇಲ್ಲಿ ಮನೆ ಬದಲಿಸಿ ಬದಲಿಸಿ ಪಳಗಿದವಳು ಅಂತ ಸುದ್ದಿ ಹರಡಿದೆ, ಅಷ್ಟೇ. ಒಬ್ಬೊಬ್ಬರಿಗೂ ಅದನ್ನೇ ಟೈಪ್ ಮಾಡಿ ಸಾಕಾಯಿತು. ಎಲ್ಲಾ ಒಂದೇ ಕಡೆ ಬರೆದಿಡುತ್ತೇನೆ.

ಬಾಡಿಗೆ ಎಷ್ಟು ಅನ್ನೋದನ್ನು ಕೊನೆಗೆ ಇಟ್ಟುಕೊಳ್ಳಿ. ಅದಕ್ಕಿಂತ ಮೊದಲು ಕೇಳಬೇಕಾದ್ದು ಮೂರು. ಜುಲೈ ತಿಂಗಳಲ್ಲಿ ಆ ಮನೆ ಹೇಗಿರುತ್ತದೆ? ರಾತ್ರಿ 8 ಗಂಟೆ ಆದಮೇಲೆ ಅಲ್ಲಿಗೆ ಹೇಗೆ ಮುಟ್ಟುತ್ತೀರಿ? ನಲ್ಲಿ ಕೆಟ್ಟರೆ ಯಾರಿಗೆ ಫೋನ್ ಮಾಡುತ್ತೀರಿ? ಈ ಮೂರಕ್ಕೆ ಸರಿಯಾದ ಉತ್ತರ ಇರುವ ಮನೆಗೆ 2 ಸಾವಿರ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಊರು ಯಾವುದು ಅಂತ ಮೊದಲು ಗೊತ್ತಾಗಲಿ

‘ಗೋವಾದಾಗ ನೌಕರಿ’ ಅಂದರೆ ಊರಲ್ಲಿರುವವರಿಗೆ ಗೋವಾ ಅನ್ನೋದೇ ಒಂದು ಊರು. ಅವರದ್ದೂ ಪೂರ್ತಿ ತಪ್ಪಲ್ಲ ಬಿಡಿ. 2011ರ ಜನಗಣತಿಯಲ್ಲಿ ಇಡೀ ರಾಜ್ಯದ ಜನಸಂಖ್ಯೆ 14.58 ಲಕ್ಷ. ನಮ್ಮ ಹುಬ್ಬಳ್ಳಿ-ಧಾರವಾಡ ಎರಡೇ ಸೇರಿ 9.4 ಲಕ್ಷ ಇದ್ದವು. ಆದರೆ ಇಲ್ಲಿ ಊರಿಂದ ಊರಿಗೆ ಬದುಕು ಬೇರೆ. ಕೆಲಸ ಎಲ್ಲಿದೆಯೋ ಅದರ ಹತ್ತಿರ ಇರಿ. ನಕ್ಷೆಯಲ್ಲಿ 30 ಕಿಲೋಮೀಟರ್ ಅಂತ ಕಂಡದ್ದು ಮಳೆಯಲ್ಲಿ ಬೇರೆಯೇ ಲೆಕ್ಕ ಆಗುತ್ತದೆ.

ವಾಸ್ಕೋದಲ್ಲಿ ನಮ್ಮವರು ಜಾಸ್ತಿ. ಮಾಂಗೋರ್ ಹಿಲ್, ನ್ಯೂ ವಾಡೆಂ, ಬೈನಾ, ಜುವಾರಿನಗರ, ಎಲ್ಲಿ ಹೋದರೂ ಕಿವಿಗೆ ಕನ್ನಡ ಬೀಳುತ್ತದೆ. ಮಾಂಗೋರ್‌ನಲ್ಲಿರುವ ಬೈಲಹೊಂಗಲದ ಗೆಳತಿಯೊಬ್ಬಳು ‘ನನಗೆ ಇಲ್ಲಿ ಕೊಂಕಣಿ ಕಲಿಯೋ ಪ್ರಸಂಗನೇ ಬಂದಿಲ್ಲ’ ಅನ್ನುತ್ತಾಳೆ. ಯಶವಂತಪುರದ ರೈಲು ವಾಸ್ಕೋದಿಂದಲೇ ಹೊರಡುತ್ತದೆ. ರಾತ್ರಿಯೆಲ್ಲ ಹತ್ತಿಳಿಯುವ ತಾಪತ್ರಯ ಇಲ್ಲದೆ ಹುಬ್ಬಳ್ಳಿ ಮುಟ್ಟಬಹುದು. ಆದರೆ ಮುರಗಾಂವ್ ಬಂದರಿನಲ್ಲಿ ಕಲ್ಲಿದ್ದಲು ಇಳಿಸುತ್ತಾರೆ. ಅದರ ಧೂಳಿನ ಬಗ್ಗೆ ಅಲ್ಲಿನವರ ದೂರು ವರ್ಷಗಳದ್ದು. ಸಡಾ, ಬೋಗ್ದಾ ಕಡೆ ಮನೆ ನೋಡುವವರು ಒದ್ದೆ ಬಟ್ಟೆಯಲ್ಲಿ ಕಿಟಕಿಯ ಸರಳು ಒಂದು ಸಲ ಒರೆಸಿ ನೋಡಿ. ಮಾಲೀಕರು ಏನೂ ಅಂದುಕೊಳ್ಳುವುದಿಲ್ಲ. ಅವರಿಗೂ ಗೊತ್ತಿರುವ ವಿಷಯವೇ.

ಫೋಂಡಾ ನನಗೆ ಇಷ್ಟ. ಅನಮೋಡ ಘಟ್ಟದ ದಾರಿಯಲ್ಲೇ ಇದೆ, ಊರಿನ ಬಸ್ಸು ಮನೆ ಮುಂದೆ ಹಾದು ಹೋದ ಹಾಗೆ. ಮಂಗೇಶಿ, ಮಾರ್ದೋಳದ ಮಹಾಲಸೆ, ಕವಳೆಯ ಶಾಂತಾದುರ್ಗೆ ಎಲ್ಲಾ ಅಲ್ಲೇ ಸುತ್ತಮುತ್ತ. ವಯಸ್ಸಾದ ಅತ್ತೆ ಮಾವ ಜೊತೆಗಿದ್ದರೆ ಫೋಂಡಾವೇ ಸರಿ. ಕುಂಡೈ, ಬೇತೋಡಾ ಕಡೆ ಫ್ಯಾಕ್ಟರಿಯಲ್ಲಿ ಕೆಲಸ ಇದ್ದವರು ಬೇರೆ ಊರು ಯೋಚನೆ ಮಾಡೋದೇ ಬೇಡ. ವೆರ್ಣಾಕ್ಕೆ ಹೋಗುವವರಿಗೆ ಮಾತ್ರ ದಿನಾ ಬೋರಿ ಸೇತುವೆ ದಾಟುವ ಕೆಲಸ ಬೇಸರ ತರಿಸುತ್ತದೆ.

ಪಣಜಿಯಲ್ಲಿ ನದಿಯಂಚಿನ ರಸ್ತೆ ಇದೆ, ಆಫೀಸುಗಳಿವೆ, ಬಾಡಿಗೆಯೂ ಹಾಗೇ ಇದೆ. ಅಲ್ಲಿ ಬ್ಯಾಂಕಿನಲ್ಲಿರುವ ನಮ್ಮ ಸಂಬಂಧಿಕ ಹುಡುಗ ಸಾಂತಾಕ್ರೂಜ್‌ನಲ್ಲಿ ಮನೆ ಮಾಡಿದ್ದಾನೆ. ಪಣಜಿಯಲ್ಲಿ ಕೆಲಸ ಮಾಡುವ ಬಹಳ ಜನ ತಾಳಗಾಂವ್, ಪರ್ವರಿ, ಸಾಂತಾಕ್ರೂಜ್ ಕಡೆಯೇ ಇರೋದು. ಊರೊಳಗೇ ಬೇಕು ಅನ್ನುವವರು ‘18 ಜೂನ್ ರಸ್ತೆ’ ಅನ್ನೋ ಬೀದಿಯನ್ನು ಜೋರು ಮಳೆ ಬಂದ ದಿನ ಒಮ್ಮೆ ನೋಡಿಕೊಂಡು ಬನ್ನಿ.

ಕೋಲ್ವಾ, ಬೆನಾವ್ಲಿ ಕಡೆ ಸಮುದ್ರದ ಹತ್ತಿರ ಅಗ್ಗಕ್ಕೆ ಮನೆ ಸಿಕ್ಕಿತು ಅಂತ ಯಾರಾದರೂ ಜೂನ್‌ನಲ್ಲಿ ಫೋನ್ ಮಾಡಿದರೆ ನನ್ನ ಪ್ರಶ್ನೆ ಒಂದೇ: ಎಲ್ಲಿಯವರೆಗೆ? ಮಳೆಗಾಲದಲ್ಲಿ ಟೂರಿಸ್ಟ್ ಇರೋದಿಲ್ಲ, ಮನೆ ಖಾಲಿ. ಅದಕ್ಕೇ ಅಗ್ಗ. ಅಕ್ಟೋಬರ್ ಬಂದರೆ ದಿನದ ಲೆಕ್ಕದಲ್ಲಿ ಬಾಡಿಗೆ ಕೊಡುವ ಜನ ಬರುತ್ತಾರೆ, ಮಾಲೀಕರು ನಿಮಗೆ ಖಾಲಿ ಮಾಡಿ ಅನ್ನುತ್ತಾರೆ. ಮಕ್ಕಳ ಸ್ಕೂಲು ಇರುವವರು ಆ ಕಡೆ ತಲೆ ಹಾಕಲೇಬೇಡಿ.

ಮಡಗಾಂವ್ ಒಳಗೆ ನೋಡುವುದಾದರೆ, ಗೋಗೊಳ್‌ನ ಹೌಸಿಂಗ್ ಬೋರ್ಡ್ ಕಡೆ ಹಳೆಯ ಕಟ್ಟಡಗಳು, ನೋಡೋಕೆ ಚೆಂದ ಇಲ್ಲ, ಆದರೆ ಕೋಣೆಗಳು ದೊಡ್ಡವು, ಗಾಳಿ ಚೆನ್ನಾಗಿದೆ. ಬೋರ್ಡಾ ಶಾಂತ, ಏರು ರಸ್ತೆ. ಪಾಜಿಫೋಂಡ್ ಕೂಡ ಹಾಗೇ. ಆಕೆಂ ಮತ್ತು ಕೋಂಬಾ ಬಡಾವಣೆಗಳು ರೈಲ್ವೆ ಸ್ಟೇಷನ್‌ಗೆ ಹತ್ತಿರ, ರೈಲಿನ ಸದ್ದಿಗೂ ಹತ್ತಿರ. ನಾವು ಇರುವ ಫಾತೋರ್ಡಾದಲ್ಲಿ ಹೊಸ ಅಪಾರ್ಟ್‌ಮೆಂಟ್ ಜಾಸ್ತಿ, ರವೀಂದ್ರ ಭವನ ಇದೆ, ನೆಹರೂ ಸ್ಟೇಡಿಯಂ ಇದೆ. ಎಫ್‌ಸಿ ಗೋವಾ ಫುಟ್‌ಬಾಲ್ ತಂಡದ ಮ್ಯಾಚ್ ಇದ್ದ ಸಂಜೆ ನಿಮ್ಮ ಗೇಟಿನ ಮುಂದೆ ಬೇರೆಯವರ ಕಾರು ಇರುತ್ತದೆ, ಅಷ್ಟು ತಡೆದುಕೊಳ್ಳಬೇಕು. ಊರಿನ ಪೂರ್ವಕ್ಕೆ, ಕುಡ್ತರಿ ರಸ್ತೆ ಕಡೆ ಮನೆ ನೋಡುವವರು ಸೋನ್ಸೊಡೊ ಎಷ್ಟು ದೂರ ಅಂತ ಕೇಳಿ. ಮಡಗಾಂವ್‌ನ ಹಳೆಯ ಕಸದ ಗುಡ್ಡ ಅದು. ಗಾಳಿ ತಿರುಗಿದ ದಿನ ಮೂಗಿಗೇ ಗೊತ್ತಾಗುತ್ತದೆ.

ಮನೆ ನೋಡುವ ಕಾಲ

ಏಪ್ರಿಲ್-ಮೇ ತಿಂಗಳಲ್ಲಿ ಗೋವಾದ ಎಲ್ಲ ಮನೆಯೂ ಚೆನ್ನಾಗೇ ಕಾಣುತ್ತದೆ. ಹೊಸ ಬಣ್ಣ, ಒಣ ಗೋಡೆ, ಬಿಸಿಲು. ಇಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ನಮ್ಮ ಧಾರವಾಡದಲ್ಲಿ ಅದರ ಮೂರನೇ ಒಂದು ಭಾಗವೂ ಇಲ್ಲ. ಇಲ್ಲಿನ ಮಳೆಯಲ್ಲಿ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಹಾಗಾಗಿ ಸಾಧ್ಯವಾದರೆ ಜುಲೈನಲ್ಲಿ ಮನೆ ನೋಡಿ. ಮೊದಲ ಒಂದು ತಿಂಗಳು ಪಿಜಿಯಲ್ಲೋ ಗೆಳೆಯರ ಮನೆಯಲ್ಲೋ ಇದ್ದು, ಮಳೆ ಹಿಡಿದ ಮೇಲೆ ಮನೆ ಹಿಡಿಯಿರಿ ಅಂತಲೇ ನಾನು ಹೇಳೋದು.

ಬೇಸಿಗೆಯಲ್ಲೇ ನೋಡಬೇಕಾಗಿ ಬಂದರೆ ಗೋಡೆಯೇ ಹೇಳುತ್ತದೆ, ಓದೋಕೆ ಬರಬೇಕು. ಮಳೆ ಹೊಡೆಯುವುದು ನೈಋತ್ಯದಿಂದ. ಫೋನಿನಲ್ಲಿ ದಿಕ್ಸೂಚಿ ತೆಗೆದು ಪಶ್ಚಿಮ ಮತ್ತು ದಕ್ಷಿಣದ ಗೋಡೆ ಯಾವುದು ನೋಡಿ. ಆ ಕಡೆ ಬೆಡ್‌ರೂಮ್ ಇದ್ದರೆ ಒಳಗಿನ ಮೂಲೆಗಳನ್ನು ಕೈಯಿಂದ ಸವರಿ. ಬಣ್ಣ ಪುಡಿಪುಡಿಯಾಗಿ ಬೆರಳಿಗೆ ಹತ್ತಿದರೆ, ಗುಳ್ಳೆ ಎದ್ದಿದ್ದರೆ, ನೀರು ಕುಡಿಯುವ ಗೋಡೆ ಅದು. ಒಂದೇ ಗೋಡೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೂ ಅನುಮಾನ ಪಡಿ. ಗೋಡೆಗೆ ಹೊಂದಿಕೊಂಡಂತೆ ಮಾಡಿದ ಬಟ್ಟೆ ಕಪಾಟು ಇದ್ದರೆ ಬಾಗಿಲು ತೆಗೆದು ತಲೆ ಒಳಗೆ ಹಾಕಿ ವಾಸನೆ ನೋಡಿ. ನಗಬೇಡಿ, ಇದು ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ. ಬೂಷ್ಟು ಹಿಡಿದ ಕಪಾಟಿನ ವಾಸನೆ ಮೇ ತಿಂಗಳಲ್ಲೂ ಹೋಗಿರೋದಿಲ್ಲ. ಇಳಕಲ್ ಸೀರೆ, ಚರ್ಮದ ಚಪ್ಪಲಿ, ಮಕ್ಕಳ ಸರ್ಟಿಫಿಕೇಟ್ ಎಲ್ಲಕ್ಕೂ ಬೂಷ್ಟು ಬರುತ್ತದೆ. ಕಪಾಟನ್ನು ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಜಾಗ ಬಿಟ್ಟು ಇಡಿ. ಬಿಸಿಲು ಬಿದ್ದ ದಿನ ಬಾಗಿಲು ತೆರೆದು ಬಿಡಿ.

ಕೊನೆಯ ಮಹಡಿ ಕೊಡುತ್ತೇವೆ ಅಂದರೆ ಟೆರೇಸ್‌ಗೆ ಹೋಗಿ ನೋಡಬೇಕು. ಮೇಲೆ ಶೀಟಿನ ಮಾಡು ಇದ್ದರೆ ಒಳ್ಳೆಯದು. ಸೋರುವುದಿಲ್ಲ, ಜೊತೆಗೆ ಸೊಸೈಟಿಯವರು ಒಪ್ಪಿದರೆ ಅಲ್ಲಿ ಬಟ್ಟೆ ಒಣಗಿಸಬಹುದು. ಬಟ್ಟೆ ಒಣಗಿಸುವುದು ಸಣ್ಣ ವಿಷಯ ಅಂದುಕೊಂಡಿರಾ? ಎರಡು ಮಕ್ಕಳ ಯೂನಿಫಾರ್ಮ್, ಮೂರು ದಿನ ಬಿಡದ ಮಳೆ. ಹೊದಿಕೆ ಇರುವ ಬಾಲ್ಕನಿ ಇಲ್ಲದಿದ್ದರೆ ಬಟ್ಟೆಯೆಲ್ಲ ಹಾಲಿನ ಫ್ಯಾನ್ ಕೆಳಗೆ, ಬಂದವರಿಗೆ ಕೂರಲು ಜಾಗ ಇಲ್ಲ. ನಮ್ಮ ಈಗಿನ ಮನೆಯ ಬಾಡಿಗೆ 17 ಸಾವಿರ. ಅದರಲ್ಲಿ ಸಾವಿರ ರೂಪಾಯಿ ಆ ಬಾಲ್ಕನಿಗೇ ಕೊಡುತ್ತಿದ್ದೇನೆ ಅಂತ ನಾನು ಲೆಕ್ಕ ಹಾಕಿದ್ದೇನೆ.

ನೆಲಮಹಡಿ ಮನೆಗೆ ಬಾಡಿಗೆ ಕಡಿಮೆ ಹೇಳುತ್ತಾರೆ. ಅಲ್ಲಿ ನೋಡಬೇಕಾದ್ದು ಕಾಂಪೌಂಡಿನ ಆಚೆ ಏನಿದೆ ಅನ್ನೋದು. ಗದ್ದೆ ಇದ್ದರೆ ಹಸಿರು ಚೆಂದ, ಸೊಳ್ಳೆಯೂ ಇರುತ್ತದೆ, ಕೆಲವು ಸಲ ಹಾವೂ. ಕಲ್ಲಿನ ಕಾಂಪೌಂಡ್ ಗೋಡೆಯ ಮೇಲೆ ನೀರು ನಿಂತ ಗುರುತು ಎಷ್ಟೆತ್ತರದಲ್ಲಿದೆ ನೋಡಿ. ಇಲ್ಲಿನ ಕೆಂಪು ಮುರಕಲ್ಲಿನ ಮೇಲೆ ಪಾಚಿಯ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಆ ಗೆರೆ ನಿಮ್ಮ ಹೊಸ್ತಿಲಿಗಿಂತ ಮೇಲಿದ್ದರೆ ಆ ಮನೆ ಬೇಡ.

ಕರೆಂಟು ಹೋಗೋದು ಮೊದಲ ಮಳೆಗೆ. ತೆಂಗಿನ ಗರಿ ತಂತಿ ಮೇಲೆ ಬಿದ್ದರೆ ಮುಗಿಯಿತು. ಮಾಲೀಕರನ್ನು ಕೇಳಬೇಡಿ, ಪಕ್ಕದ ಮನೆಯವರನ್ನು ಕೇಳಿ. ಇನ್ವರ್ಟರ್ ಇದೆಯಾ, ಎಷ್ಟು ಹೊತ್ತು ಬೇಕಾಗುತ್ತದೆ ಅಂತ. ‘ಹಾಂ, ಇದೆ, ಇಲ್ಲಿ ಎಲ್ಲರ ಮನೆಯಲ್ಲೂ ಇದೆ’ ಅಂದರೆ ಉತ್ತರ ಸಿಕ್ಕಿತು ಅಲ್ವಾ?

ನೀರು

ದಕ್ಷಿಣ ಗೋವಾಕ್ಕೆ ಹೆಚ್ಚಿನ ನೀರು ಬರುವುದು ಸಾಂಗೆಯ ಸಾಳಾವಳಿ ಅಣೆಕಟ್ಟಿನಿಂದ. ಫೋಂಡಾ, ಪಣಜಿ ಕಡೆಗೆ ಓಪಾದ ನೀರು ಶುದ್ಧೀಕರಣ ಘಟಕದಿಂದ. ಇಷ್ಟು ಮಳೆ ಬೀಳುವ ಊರಲ್ಲಿ ನೀರಿನ ಚಿಂತೆ ಯಾಕೆ ಅಂತ ನಮ್ಮತ್ತೆ ಕೇಳಿದ್ದರು. ದೊಡ್ಡ ಪೈಪ್ ಎಲ್ಲಾದರೂ ಒಡೆದರೆ ಮಡಗಾಂವ್‌ನಿಂದ ವಾಸ್ಕೋವರೆಗೆ ನಲ್ಲಿ ಒಣಗುತ್ತದೆ, ಅದಕ್ಕೆ. ಕೆಳಗೆ ಸಂಪು, ಮೇಲೆ ಟ್ಯಾಂಕು ಎರಡೂ ಇರುವ ಕಟ್ಟಡ ನೋಡಿ. ಟ್ಯಾಂಕು ನಿಮ್ಮ ಮನೆಗೇ ಬೇರೆಯೋ, ಎಲ್ಲರಿಗೂ ಸೇರಿ ಒಂದೋ ಕೇಳಿ. ನಾನಂತೂ ಬೇರೆ ಟ್ಯಾಂಕಿನ ಪರ. ಎಲ್ಲರಿಗೂ ಒಂದೇ ಇದ್ದರೆ ಮೇಲಿನ ಮನೆಯವರ ಅತಿಥಿಗಳು ಬಂದ ದಿನ ನಿಮಗೆ ನೀರಿಲ್ಲ. ಬಾವಿ ಇದ್ದರೆ ಅದೃಷ್ಟ. ಆದರೆ ಏಪ್ರಿಲ್‌ನಲ್ಲಿ ಅದರಲ್ಲಿ ನೀರು ಎಷ್ಟಿರುತ್ತದೆ ಅನ್ನೋದು ಕೇಳಬೇಕಾದ ಪ್ರಶ್ನೆ.

ಸಂಜೆ ಮನೆಗೆ ಬರುವುದು ಹೇಗೆ

ಬೆಂಗಳೂರಿನಿಂದ ಬಂದವರಿಗೆ ದೊಡ್ಡ ಹೊಡೆತ ಇದೇ. ಇಲ್ಲಿ ಓಲಾ, ಊಬರ್ ಇಲ್ಲ. ಗೋವಾಮೈಲ್ಸ್ ಅಂತ ಆ್ಯಪ್ ಇದೆ, ಊರೊಳಗಿನ ಚಿಕ್ಕ ಓಡಾಟಕ್ಕೆ ಅದನ್ನೇ ನಂಬಿಕೊಳ್ಳೋಕಾಗಲ್ಲ. ರಿಕ್ಷಾದವರು ಮೀಟರ್ ಹಾಕೋದಿಲ್ಲ, ಹತ್ತುವ ಮೊದಲೇ ಮಾತಾಡಿಕೊಳ್ಳಬೇಕು. ಹಳದಿ-ಕಪ್ಪು ಬಣ್ಣದ ಬೈಕ್ ಇಟ್ಟುಕೊಂಡ ಪೈಲಟ್‌ಗಳು, ಅಂದರೆ ಬೈಕ್ ಟ್ಯಾಕ್ಸಿಯವರು, ಸ್ಟ್ಯಾಂಡ್‌ಗಳಲ್ಲಿ ಸಿಗುತ್ತಾರೆ. ಒಬ್ಬರೇ ಇದ್ದು ಲಗೇಜ್ ಇಲ್ಲದಿದ್ದರೆ ಅವರೇ ಅಗ್ಗ.

ಪಣಜಿಗೆ, ವಾಸ್ಕೋಗೆ ಕದಂಬದ ಶಟಲ್ ಬಸ್ ಹಗಲೆಲ್ಲ ಸಿಗುತ್ತದೆ, ಮಧ್ಯೆ ನಿಲ್ಲೋದಿಲ್ಲ. (ಸಾರಿಗೆ ಸಂಸ್ಥೆಗೆ ನಮ್ಮ ಕದಂಬರ ಹೆಸರು ನೋಡಿ ಮೊದಲ ಸಲ ಬಂದವರಿಗೆಲ್ಲ ಖುಷಿ. ನಮ್ಮಪ್ಪ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.) ಪ್ರೈವೇಟ್ ಬಸ್‌ಗಳು ಒಳಗಿನ ಹಳ್ಳಿಗಳಿಗೂ ಹೋಗುತ್ತವೆ. ಆದರೆ ಕತ್ತಲಾದ ಮೇಲೆ ಬಸ್ಸು ಕಡಿಮೆಯಾಗುತ್ತಾ ಹೋಗುತ್ತದೆ, 8 ಗಂಟೆ ಆದಮೇಲೆ ನಂಬುವ ಹಾಗಿಲ್ಲ. ಸೆಕೆಂಡ್ ಶಿಫ್ಟ್ ಇರುವವರು ಮನೆ ನೋಡುವ ಮೊದಲೇ ಒಂದು ಕೆಲಸ ಮಾಡಿ: ಕಂಪನಿಯ ಬಸ್ ಎಲ್ಲೆಲ್ಲಿ ನಿಲ್ಲುತ್ತದೆ ಅನ್ನೋ ಪಟ್ಟಿಯನ್ನು ಎಚ್‌ಆರ್‌ನಿಂದ ತಗೊಳ್ಳಿ. ಆ ಸ್ಟಾಪ್‌ಗಳಿಂದ ನಡೆದು ಹೋಗುವಷ್ಟು ದೂರದಲ್ಲಿ ಮಾತ್ರ ಮನೆ ಹುಡುಕಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಮನೆಯಲ್ಲಿ ಒಂದು ಸ್ಕೂಟರ್ ಇರಲೇಬೇಕು, ಹೆಂಗಸರಿಗೂ ಓಡಿಸೋಕೆ ಬರಬೇಕು. ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳು ಇಲ್ಲಿ ಬಂದ ಮೇಲೇ ಕಲಿತದ್ದು, ಒಮ್ಮೆ ಕಲಿತ ಮೇಲೆ ಬೆಂಗಳೂರು ಬೇಡ ಅನ್ನೋರೂ ಅವರೇ. ಕೆಎ ನಂಬರಿನ ಗಾಡಿ ತಂದರೆ, ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಾಗ ಅಲ್ಲಿನ ನಂಬರ್ ಮಾಡಿಸಬೇಕು ಅನ್ನೋ ನಿಯಮ ನೆನಪಿರಲಿ. ಊರಿನ ಆರ್‌ಟಿಒದಿಂದ ಎನ್‌ಒಸಿ ಬೇಕಾಗುತ್ತದೆ. ರಜೆಗೆ ಹೋದಾಗ ಆ ಕೆಲಸ ಮುಗಿಸಿಕೊಂಡು ಬನ್ನಿ.

ಹುಡುಕುವುದು ಎಲ್ಲಿ

ಆ್ಯಪ್‌ಗಳಲ್ಲಿ ಮಡಗಾಂವ್ ಅಂತ ಹಾಕಿದರೆ ಬರುವ ಮನೆಗಳು ಕಡಿಮೆ, ಬಂದದ್ದೂ ಬ್ರೋಕರ್‌ಗಳದ್ದೇ. ಬ್ರೋಕರ್ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ತಗೋತಾರೆ. ಅವಸರ ಇದ್ದರೆ ಕೊಟ್ಟುಬಿಡಿ. ಇಲ್ಲದಿದ್ದರೆ ಬೇಕಾದ ಏರಿಯಾದಲ್ಲಿ ಸಂಜೆ ಸುಮ್ನೆ ನಡೆದಾಡಿ. ಸಂಜೆ 5 ಗಂಟೆ ಮೇಲೆ ಹೋಗಿ. ಮಧ್ಯಾಹ್ನ 1ರಿಂದ ಸುಮಾರು 4ರವರೆಗೆ ಅಂಗಡಿ ಬಾಗಿಲು ಮುಚ್ಚಿ ಊರು ಮಲಗಿರುತ್ತದೆ. ಆ ಹೊತ್ತಿಗೆ ಬೆಲ್ ಒತ್ತಿದರೆ ಸಿಗಬೇಕಾದ ಮನೆಯೂ ಸಿಗೋದಿಲ್ಲ.

ಮುಚ್ಚಿದ ಕಿಟಕಿ, ಧೂಳು ಹಿಡಿದ ಬಾಲ್ಕನಿ ಇರುವ ಫ್ಲಾಟ್‌ಗಳು ನಿಮಗೆ ತುಂಬಾ ಕಾಣಿಸುತ್ತವೆ. ಮಾಲೀಕರು ಗಲ್ಫ್‌ನಲ್ಲಿ, ಹಡಗಿನ ಕೆಲಸದಲ್ಲಿ, ಇಲ್ಲ ಪೋರ್ಚುಗೀಸ್ ಪಾಸ್‌ಪೋರ್ಟ್ ಮಾಡಿಸಿಕೊಂಡು ಇಂಗ್ಲೆಂಡಿನಲ್ಲಿ. ಬೀಗದ ಕೈ ಅವರ ಅಕ್ಕನ ಹತ್ತಿರವೋ ಸೊಸೈಟಿಯ ಸೆಕ್ರೆಟರಿ ಹತ್ತಿರವೋ ಇರುತ್ತದೆ. ಬೋರ್ಡ್ ಹಾಕಿರೋದಿಲ್ಲ, ‘ಒಳ್ಳೆಯವರು ಬಂದರೆ ಕೊಡೋಣ’ ಅಂತ ಇಟ್ಟಿರುತ್ತಾರೆ. ಇದು ಗೊತ್ತಿರುವವರು ಯಾರು? ಕಟ್ಟಡದ ವಾಚ್‌ಮನ್, ಕೆಳಗಿನ ಕಿರಾಣಿ ಅಂಗಡಿಯವರು, ಟೈಲರ್, ಬೆಳಿಗ್ಗೆ ಹಾರ್ನ್ ಊದುತ್ತಾ ಸೈಕಲ್‌ನಲ್ಲಿ ಪಾವ್ ತರುವ ಪೊದೇರ್. ವಾಚ್‌ಮನ್ ಎಷ್ಟೋ ಕಡೆ ನಮ್ಮವರೇ. ಗೇಟಿನಲ್ಲಿ ಹಿಂದಿ ಶುರು ಮಾಡುವ ಮೊದಲು ‘ಯಾವೂರ್ರೀ?’ ಅಂತ ಕೇಳಿ ನೋಡಿ. ಬಾಗಲಕೋಟೆ, ಕೊಪ್ಪಳ, ಸವದತ್ತಿ ಅಂತ ಉತ್ತರ ಬಂದರೆ ಯಾವ ಫ್ಲಾಟ್ ಖಾಲಿ, ಯಾವ ಫ್ಲಾಟ್ ಸೋರುತ್ತದೆ, ಹಿಂದಿನವರು ಯಾಕೆ ಬಿಟ್ಟರು ಎಲ್ಲಾ ಗೊತ್ತಾಗುತ್ತದೆ.

ಮಾಲೀಕರು ಹೊರದೇಶದಲ್ಲಿದ್ದರೆ ಒಂದು ಅನುಕೂಲ ಇದೆ, ಬಂದು ಬಂದು ತೊಂದರೆ ಕೊಡೋದಿಲ್ಲ. ತೊಂದರೆಯೂ ಅದೇ. ಗೀಸರ್ ಸುಟ್ಟುಹೋದರೆ ಅವರ ಅಕ್ಕ ‘ತಮ್ಮನನ್ನು ಕೇಳಿ ಹೇಳ್ತೀನಿ’ ಅನ್ನುತ್ತಾರೆ. ತಮ್ಮ ಹಡಗಿನಲ್ಲಿ, ನೆಟ್‌ವರ್ಕ್ ಇಲ್ಲ. ಅದಕ್ಕೇ ಇಷ್ಟು ರೂಪಾಯಿ ಒಳಗಿನ ರಿಪೇರಿ ನಾವೇ ಮಾಡಿಸಿ ಬಿಲ್ ತೋರಿಸಿ ಬಾಡಿಗೆಯಲ್ಲಿ ಕಳೆದುಕೊಳ್ಳುತ್ತೇವೆ ಅಂತ ಅಗ್ರಿಮೆಂಟಿನಲ್ಲೇ ಬರೆಸಿ. ನಮ್ಮದರಲ್ಲಿ 3 ಸಾವಿರ ಅಂತ ಇದೆ. ಆ ಒಂದು ಸಾಲಿನಿಂದ ಜಗಳವೇ ಆಗಿಲ್ಲ.

ಮಾಲೀಕರ ಮುಂದೆ

‘ತುಮಿ ಖಂಯ್ಚೆ?’ ಎಲ್ಲಿಯವರು ನೀವು ಅನ್ನೋದು ಮೊದಲ ಪ್ರಶ್ನೆ. ಕರ್ನಾಟಕ ಅಂದ ಕೂಡಲೇ ಕೆಲವರ ಮುಖ ಬಿಗಿಯುತ್ತದೆ. ‘ಘಾಟಿ’ ಅನ್ನೋ ಮಾತು ಕಿವಿಗೆ ಬೀಳಬಹುದು. ಘಟ್ಟದ ಮೇಲಿನವರು ಅಂತ ಅರ್ಥವಾದರೂ ಪ್ರೀತಿಯಿಂದ ಹೇಳುವ ಮಾತಲ್ಲ ಅದು. ಫೋನಿನಲ್ಲೇ ‘ಗೋವಾದವರಿಗೆ ಮಾತ್ರ’ ಅಂತ ಇಟ್ಟುಬಿಡುವವರೂ ಇದ್ದಾರೆ. ಬೇಜಾರಾಗುತ್ತದೆ, ಸುಳ್ಳು ಹೇಳೋದಿಲ್ಲ. ಆದರೆ ನಮ್ಮ ಕೆಳಗಿನ ಮನೆಯ ಅಜ್ಜನ ಮಾತೂ ಕೇಳಿದ್ದೇನೆ. ಅವರು ಇದೇ ಫಾತೋರ್ಡಾದಲ್ಲಿ ಹುಟ್ಟಿದವರು. ‘ಇಲ್ಲಿ ಗದ್ದೆ ಇತ್ತು, ನನ್ನ ಮೊಮ್ಮಗನಿಗೆ ಇದೇ ಬೀದಿಯಲ್ಲಿ ಒಂದು ಫ್ಲಾಟ್ ಕೊಳ್ಳೋಕೆ ಆಗ್ತಿಲ್ಲ’ ಅನ್ನುತ್ತಾರೆ. ದಿಲ್ಲಿ, ಮುಂಬೈಯವರು ರಜೆಗೆ ಅಂತ ಮನೆ ಕೊಂಡು ಬೀಗ ಹಾಕಿ ಹೋಗುವುದರ ಮೇಲೆ ಅವರ ಸಿಟ್ಟು ಜಾಸ್ತಿ. ವರ್ಷಪೂರ್ತಿ ದೀಪ ಹಚ್ಚಿ ಇರುವ ನಮ್ಮ ಮೇಲೆ ಅಷ್ಟಿಲ್ಲ. ಹಾಗಾಗಿ ಫೋನಿನಲ್ಲಿ ವಾದ ಮಾಡಬೇಡಿ. ಪರಿಚಯದವರೊಬ್ಬರನ್ನು ಕರೆದುಕೊಂಡು ಮುಖತಃ ಹೋಗಿ. ಸಂಸಾರ ಸಮೇತ ಹೋದರೆ ಇನ್ನೂ ಒಳ್ಳೆಯದು. ಆಂಟಿ, ಅಂಕಲ್ ಅನ್ನಿ. ‘ಉದಕ್ ಯೆತಾ?’ (ನೀರು ಬರುತ್ತದಾ?), ‘ಭಾಡೆಂ ಕಿತ್ಲೆಂ?’ (ಬಾಡಿಗೆ ಎಷ್ಟು?) ಅಂತ ಎರಡು ಮಾತು ಕೊಂಕಣಿ ಆಡಿದರೆ ಅವರೇ ನಗುತ್ತಾ ಹಿಂದಿಗೆ ಬರುತ್ತಾರೆ.

ಊಟದ ವಿಷಯ ಬೆಂಗಳೂರಿಗೆ ಪೂರಾ ಉಲ್ಟಾ. ಇಲ್ಲಿ ಮೀನು ಮಾಂಸ ತಿಂತೀರಾ ಅಂತ ಅಡ್ಡಿ ಮಾಡುವ ಮಾಲೀಕರು ಕಡಿಮೆ, ಚಿಂತೆ ಇರೋದು ಸಸ್ಯಾಹಾರಿಗಳಿಗೇ. ಪಕ್ಕದ ಮನೆಯಲ್ಲಿ ಬಾಂಗಡಾ ಹುರಿದರೆ ವಾಸನೆ ನಿಮ್ಮ ದೇವರ ಕೋಣೆಗೂ ಬರುತ್ತದೆ. ನಾವು ಲಿಂಗಾಯತರು, ಅತ್ತೆಗೆ ಮೊದಮೊದಲು ಕಷ್ಟವಾಯಿತು. ಅಡುಗೆಮನೆಯ ಕಿಟಕಿಗಳು ಎದುರುಬದುರು ಇಲ್ಲದ ಮನೆ ಆರಿಸಿ ಅಂತ ಇಂಥವರಿಗೆ ಹೇಳುತ್ತೇನೆ. ಡಕ್ಟ್ (ಕಟ್ಟಡದ ನಡುವಿನ ಗಾಳಿಯ ಸಂದು) ಒಳಗೆ ತೆರೆಯುವ ಕಿಟಕಿಯಾದರೆ ಹತ್ತು ಮನೆಯ ಅಡುಗೆ ನಿಮ್ಮ ಮನೆಯಲ್ಲೇ.

ಕಾಗದ ಪತ್ರ

ಡಿಪಾಸಿಟ್ ಸಾಮಾನ್ಯವಾಗಿ ಎರಡು ಮೂರು ತಿಂಗಳ ಬಾಡಿಗೆ. ಬೆಂಗಳೂರಿನ ಹತ್ತು ತಿಂಗಳ ಕಥೆ ಇಲ್ಲಿಲ್ಲ. ಅಗ್ರಿಮೆಂಟ್ 11 ತಿಂಗಳದ್ದು. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಲೀಸ್ ರಿಜಿಸ್ಟರ್ ಮಾಡಿಸಬೇಕು, ಅದನ್ನು ತಪ್ಪಿಸೋಕೆ 11. ಎಷ್ಟು ಪರ್ಸೆಂಟ್ ಏರಿಸುತ್ತಾರೆ, ಮನೆ ಬಿಡುವಾಗ ಬಣ್ಣ ಯಾರ ಖರ್ಚು, ಸೊಸೈಟಿ ಮೇಂಟೆನೆನ್ಸ್ ಯಾರದ್ದು, ಈ ಮೂರೂ ಬರವಣಿಗೆಯಲ್ಲಿ ಇರಲಿ. ಮಳೆಯಿಂದ ಹಾಳಾದ ಬಣ್ಣಕ್ಕೆ ಬಾಡಿಗೆದಾರರು ಹೊಣೆಯಲ್ಲ ಅಂತ ಬರೆಸಿದರೆ ಜಾಣರು ನೀವು. ಕರೆಂಟು ಮತ್ತು ನೀರಿನ ಹಿಂದಿನ ಬಿಲ್ ನೋಡಿ, ಬಾಕಿ ಇದ್ದರೆ ಅದರಲ್ಲೇ ಕಾಣುತ್ತದೆ. ಒಳಗೆ ಬರುವ ದಿನ ಎಲ್ಲ ಗೋಡೆಯ ಫೋಟೋ ತೆಗೆದು ಮಾಲೀಕರಿಗೆ ವಾಟ್ಸಾಪ್ ಮಾಡಿ. ತಾರೀಖು ತಾನೇ ಉಳಿಯುತ್ತದೆ.

ಪೊಲೀಸ್ ಸ್ಟೇಷನ್‌ನಲ್ಲಿ ಟೆನೆಂಟ್ ವೆರಿಫಿಕೇಶನ್ ಮಾಡಿಸಲೇಬೇಕು. ಫಾರ್ಮ್ ಕೊಡುವುದು ಮಾಲೀಕರ ಕೆಲಸ. ಅವರು ‘ನೋಡೋಣ’ ಅಂದರೆ ನೀವೇ ಆಧಾರ್, ಫೋಟೋ, ಅಗ್ರಿಮೆಂಟ್ ಜೆರಾಕ್ಸ್ ಜೋಡಿಸಿಕೊಟ್ಟು ಬೆನ್ನು ಹತ್ತಿ. ಹೊರಗಿನವರು ನಾವು, ಏನಾದರೂ ಪ್ರಶ್ನೆ ಬಂದರೆ ಆ ಕಾಗದವೇ ನಮ್ಮ ಪರ ಮಾತಾಡುವುದು. ಸಹಿ ಹಾಕಿಸಿಕೊಂಡ ಪ್ರತಿ ಒಂದು ನಿಮ್ಮ ಹತ್ತಿರ ಇರಲಿ.

ಕೆಲವರು ಎರಡು ವರ್ಷ ಬಾಡಿಗೆಯಲ್ಲಿದ್ದು ‘ಕೊಂಡೇಬಿಡೋಣ’ ಅನ್ನುತ್ತಾರೆ. ಅದು ಬೇರೆಯೇ ಕಥೆ, ವಕೀಲರಿಲ್ಲದೆ ಕೈ ಹಾಕಬೇಡಿ. ನಮ್ಮ ಕಡೆಯವರಿಗೆ ಹೊಸದಾದ ಒಂದು ವಿಷಯ ಮಾತ್ರ ಹೇಳುತ್ತೇನೆ. ಇಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಕೋಡ್ ಈಗಲೂ ನಡೆಯುತ್ತದೆ. ಗಂಡನ ಹೆಸರಲ್ಲಿ ಮನೆ ಇದ್ದರೂ ಸಾಮಾನ್ಯವಾಗಿ ಹೆಂಡತಿಗೆ ಅರ್ಧ ಹಕ್ಕು, ಮಾರುವಾಗ ಇಬ್ಬರ ಸಹಿಯೂ ಬೇಕು. ಹೆಂಡತಿ ದುಬೈನಲ್ಲಿದ್ದಾಳೆ, ಆಮೇಲೆ ಹಾಕ್ತಾಳೆ ಅಂದರೆ ಅಡ್ವಾನ್ಸ್ ಕೊಡಬೇಡಿ. ಜಮೀನಿನ ಫಾರ್ಮ್ 1 ಮತ್ತು 14 (ನಮ್ಮ ಪಹಣಿಯಂಥದ್ದು), ಕನ್ವರ್ಷನ್ ಸನದು (ಕೃಷಿ ಜಮೀನನ್ನು ಮನೆ ಕಟ್ಟೋಕೆ ಬದಲಿಸಿದ ಆದೇಶ), ಆಕ್ಯುಪೆನ್ಸಿ ಸರ್ಟಿಫಿಕೇಟ್ (ಕಟ್ಟಡದಲ್ಲಿ ವಾಸಿಸಬಹುದು ಅನ್ನೋ ಪತ್ರ) ಈ ಮೂರೂ ಕೇಳಿ. ಉಳಿದದ್ದು ವಕೀಲರು ನೋಡಿಕೊಳ್ಳುತ್ತಾರೆ.

ಬಂದ ಮೇಲೆ

ಸಾಮಾನು ಸಾಗಿಸೋದು ಮಳೆ ಶುರುವಾಗುವ ಮೊದಲು ಇಲ್ಲವೇ ದಸರಾ ಸುಮಾರಿಗೆ. ಮಧ್ಯೆ ಅನಮೋಡ ಘಟ್ಟದಲ್ಲಿ ಲಾರಿ ಸಿಕ್ಕಿಕೊಂಡರೆ ಹಾಸಿಗೆ ಒದ್ದೆ. ಚೌತಿಯ ವಾರ ಏನೂ ಇಟ್ಟುಕೊಳ್ಳಬೇಡಿ. ಪ್ಲಂಬರ್ ಇಲ್ಲ, ಎಲೆಕ್ಟ್ರಿಷಿಯನ್ ಇಲ್ಲ, ಎಷ್ಟೋ ಅಂಗಡಿಗಳೂ ಇಲ್ಲ, ಎಲ್ಲರೂ ತಮ್ಮ ಮೂಲಮನೆಗೆ ಹೋಗಿರುತ್ತಾರೆ. ಆ ವಾರ ನೀವೂ ಊರಿಗೆ ಹೋಗಿಬಿಡಿ. ರಿಸರ್ವೇಶನ್ ಮಾತ್ರ ಬಹಳ ಮುಂಚೆ ಮಾಡಿಸಿ.

ಜೋಳದ ರೊಟ್ಟಿ ಹಿಟ್ಟು ಮಡಗಾಂವ್‌ನಲ್ಲಿ ಸಿಗುತ್ತದೆ, ಗಾಂಧಿ ಮಾರ್ಕೆಟ್ ಕಡೆ ವಿಚಾರಿಸಿ. ಆದರೆ ಮಳೆಗಾಲದಲ್ಲಿ ಹಿಟ್ಟು ತಂದು ಡಬ್ಬಿ ತುಂಬಿಸಬೇಡಿ, ಹುಳು ಬೀಳುತ್ತದೆ. ಸ್ವಲ್ಪ ಸ್ವಲ್ಪವೇ ತನ್ನಿ. ಒಣಮೆಣಸಿನಕಾಯಿ, ಬೇಳೆ, ಹಪ್ಪಳ ಎಲ್ಲಕ್ಕೂ ಗಾಳಿಯಾಡದ ಡಬ್ಬಿ ಬೇಕು. ಕಸವನ್ನು ಹಸಿ ಒಣ ಬೇರೆ ಮಾಡದಿದ್ದರೆ ಒಯ್ಯೋದಿಲ್ಲ. ಮೊದಲ ವಾರವೇ ಎರಡು ಬಕೆಟ್ ಇಟ್ಟುಕೊಳ್ಳಿ, ಸೊಸೈಟಿಯಲ್ಲಿ ನಿಮ್ಮ ಹೆಸರು ಉಳಿಯುತ್ತದೆ.

ಇನ್ನು ಸರ್ಕಾರಿ ಸೌಲಭ್ಯ. ಇಲ್ಲಿ ಎಲ್ಲದಕ್ಕೂ ‘ಎಷ್ಟು ವರ್ಷದಿಂದ ಇದ್ದೀರಿ’ ಅನ್ನೋದು ಲೆಕ್ಕ. ದೀನ್ ದಯಾಳ್ ಸ್ವಾಸ್ಥ್ಯ ಸೇವಾ ಅನ್ನೋ ರಾಜ್ಯದ ಆರೋಗ್ಯ ವಿಮೆ ಯೋಜನೆಯ ಕಾರ್ಡಿಗೆ 5 ವರ್ಷದ ವಾಸ ತೋರಿಸಬೇಕು. ಸರ್ಕಾರಿ ನೌಕರಿಗೆ 15 ವರ್ಷದ ವಾಸದ ಸರ್ಟಿಫಿಕೇಟ್. ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೂ ಗೋವಾದವರಲ್ಲದವರಿಗೆ 2018ರಿಂದ ಫೀಸು ಇದೆ. ಹಾಗಾಗಿ ಅವಧಿ ಮುಗಿದ ಅಗ್ರಿಮೆಂಟನ್ನು ರದ್ದಿಗೆ ಹಾಕಬೇಡಿ. ಪ್ರತಿ 11 ತಿಂಗಳದ್ದೂ, ಮಕ್ಕಳ ಸ್ಕೂಲ್ ಫೀಸಿನ ರಸೀದಿ, ಗ್ಯಾಸ್ ಪುಸ್ತಕ ಎಲ್ಲಾ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ, ಗೋಡೆಗೆ ತಾಗದ ಕಪಾಟಿನಲ್ಲಿಡಿ. ಮನೆ ಬೇಕು ಅಂತ ನನಗೆ ಮೆಸೇಜ್ ಮಾಡುವವರು ಶಿಫ್ಟ್ ಯಾವುದು, ಕಂಪನಿ ಬಸ್ ಎಲ್ಲಿ ನಿಲ್ಲುತ್ತದೆ, ಮನೆಯಲ್ಲಿ ಎಷ್ಟು ಜನ ಇಷ್ಟು ಬರೆದು ಕಳಿಸಿ. ‘ಒಂದು ಚಲೋ ಮನಿ ನೋಡ್ರಿ’ ಅಂತ ಬರೆದರೆ ನನಗೇನೂ ತಿಳಿಯೋದಿಲ್ಲ.